ಟೊಳ್ಳಾದ ಎಲುಬು, ನೆಟ್ಟ ಹಲ್ಲು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಿಂದ ಹಲ್ಲು ತೋರಿಸಲು ನನ್ನಲ್ಲಿಗೆ ಬರುವವರಲ್ಲಿ ಐವತ್ತು ದಾಟಿದ ತಾಯಂದಿರು ಬಹಳ. ಹಿಂದೆ ಅವರ ಬಾಯಲ್ಲಿ ‘ಕಿತ್ತುಬಿಡ್ರಿ’ ಎಂಬುದೊಂದೇ ಮಾತಿತ್ತು. ಈಗ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ‘ಎಲುಬು ಟೊಳ್ಳಾಗ್ಯಾವ ಅಂತ ಡಾಕ್ಟರು ಹೇಳ್ಯಾರ್ರಿ. ನನ್ನ ದವಡಿಯಾಗ ಆ ತಿರುಪಿನ ಹಲ್ಲು ನಿಂದರತಾವೇನ್ರಿ?’

ತಿರುಪಿನ ಹಲ್ಲೆಂದರೆ ಇಂಪ್ಲಾಂಟ್. ದವಡೆಯ ಎಲುಬಿನಲ್ಲಿ ಕೊರೆದು ಕೂಡಿಸುವ ಟೈಟಾನಿಯಂ ಲೋಹದ ಕೃತಕ ಬೇರು. ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಮೊಲದ ಕಾಲೆಲುಬಿನಲ್ಲಿ ಈ ಲೋಹದ ಸಾಧನವನ್ನಿಟ್ಟು ಬೇರೇನನ್ನೋ ಪರೀಕ್ಷಿಸುತ್ತಿದ್ದರು. ಕೊನೆಗೆ ತೆಗೆಯಹೋದರೆ ಅದು ಬರಲೊಲ್ಲದು! ಎಲುಬು ಅದನ್ನು ತನ್ನದಾಗಿಸಿಕೊಂಡಿತ್ತು. 1965ರಲ್ಲಿ ಅವರು ಮನುಷ್ಯನ ದವಡೆಗೆ ಇದನ್ನು ಅಳವಡಿಸಿದರು. ಹಾನಗಲ್ಲಿನ ತಾರಕೇಶ್ವರ ದೇವಾಲಯದಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯಿಲ್ಲ. ಇಲ್ಲಿಯೂ ಲೋಹಕ್ಕೂ ಎಲುಬಿಗೂ ನಡುವೆ ಅಂಟಿಲ್ಲ. ಆದರೆ ಕಲ್ಲು ಬೆಳೆಯದು, ಎಲುಬು ಬೆಳೆಯುತ್ತದೆ.

ಹೇಗೆ ಬೆಳೆಯುತ್ತದೆಂಬುದೇ ಮುಖ್ಯ. ತಿರುಪು ಮೊದಲ ದಿನ ನಿಲ್ಲುವುದು ಕೇವಲ ಬಿಗಿತದಿಂದ, ಬಡಿಗನ ಮೊಳೆ ಮರದಲ್ಲಿ ನಿಂತಂತೆ. ಸುತ್ತಲಿನ ಸಂದಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕೊರೆತದಿಂದ ಸತ್ತ ಎಲುಬನ್ನು ಒಂದು ಬಗೆಯ ಜೀವಕೋಶಗಳು ಕರಗಿಸಿ ತೆಗೆಯುತ್ತವೆ. ಇನ್ನೊಂದು ಬಗೆಯವು ಹೊಸ ಎಲುಬು ಕಟ್ಟುತ್ತವೆ. ಹಳೆಯ ಬಿಗಿತ ಸಡಿಲಾಗಿ ಹೊಸ ಬೆಸುಗೆ ಇನ್ನೂ ಬಲಿಯದ ಕೆಲವು ವಾರಗಳಿವೆ. ಅಪಾಯವಿರುವುದು ಅಲ್ಲಿ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಸ್ರಾವ ತಗ್ಗುತ್ತದೆ. ಆಗ ಕರಗಿಸುವ ಕೋಶಗಳ ಕೈ ಮೇಲಾಗಿ, ಕಟ್ಟುವವು ಹಿಂದೆ ಬೀಳುತ್ತವೆ. ಇದೇ ಆಸ್ಟಿಯೊಪೊರೋಸಿಸ್. ಸವಣೂರಿನ ದೊಡ್ಡಹುಣಸೆ ಮರಗಳನ್ನು ನೋಡಿದ್ದೀರಲ್ಲ? ಹೊರಗೆ ಭಾರಿ ಗಾತ್ರ, ಒಳಗೆ ನೀರು ಹೀರಿಕೊಂಡ ಮೆತ್ತನೆಯ ತಿರುಳು. ಮರಕ್ಕೆ ಅದು ಸ್ವಭಾವ, ಎಲುಬಿಗೆ ರೋಗ. ಹೊರಗಿನ ಆಕಾರ ಹಾಗೇ ಇದ್ದು ಒಳಗಿನ ಜಾಲರಿಯ ಎಳೆಗಳು ತೆಳ್ಳಗಾಗಿ ಕಡಿಯುತ್ತವೆ. ಕಾಲು ಜಾರಿ ಕೈಯೂರಿದಾಗ ಮಣಿಕಟ್ಟು ಮುರಿದರೆ ಅದು ಮೊದಲ ಸೂಚನೆಯಾಗಿರಬಹುದು. ಡೆಕ್ಸಾ ಯಂತ್ರದಲ್ಲಿ ಅಳೆದ ಸಾಂದ್ರತೆ ತರುಣ ವಯಸ್ಸಿನ ಸರಾಸರಿಗಿಂತ 2.5 ಮಾನಕ ವಿಚಲನೆಯಷ್ಟು ಅಥವಾ ಇನ್ನೂ ಕೆಳಗಿದ್ದರೆ ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆಯಿತು. ಆದರೆ ಆ ಅಳತೆ ಸೊಂಟ ಮತ್ತು ಬೆನ್ನಿನದು. ದವಡೆಯ ಸ್ಥಿತಿ ಅದರಿಂದಲೇ ತಿಳಿಯದು.

ಇಂಥ ಎಲುಬಿನಲ್ಲಿ ತಿರುಪಿಗೆ ಮೊದಲ ಹಿಡಿತ ಕಡಿಮೆ. ಮೇಲ್ದವಡೆಯ ಹಿಂಭಾಗ ಮೊದಲೇ ಮೆತ್ತಗೆ. ಅಂಡಾಶಯ ತೆಗೆದ ಇಲಿ, ಮೊಲಗಳ ಮೇಲಿನ ಪ್ರಯೋಗಗಳಲ್ಲಿ ಲೋಹಕ್ಕೆ ತಾಗಿದ ಎಲುಬು ಕಡಿಮೆ ಕಂಡಿದೆ. ಆದರೂ ಮನುಷ್ಯರಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ, ಈ ರೋಗವಿರುವವರಲ್ಲಿ ಇಂಪ್ಲಾಂಟ್ ಬಿದ್ದುಹೋಗುವುದು ಅಷ್ಟೇನೂ ಹೆಚ್ಚಿಲ್ಲ. ಸುತ್ತಲಿನ ಎಲುಬು ತುಸು ಹೆಚ್ಚು ಸವೆಯುವುದುಂಟು. ಆದುದರಿಂದ ‘ಆಗುವುದಿಲ್ಲ’ ಎಂದು ಕೈಚೆಲ್ಲುವ ವೈದ್ಯರ ಮಾತು ನನಗೆ ಒಪ್ಪಿಗೆಯಿಲ್ಲ. ಕಾಯಬೇಕು, ಅಷ್ಟೆ. ಕೆಳದವಡೆಗೆ ಮೂರು ನಾಲ್ಕು ತಿಂಗಳು, ಮೇಲ್ದವಡೆಗೆ ಆರು ಎಂಬ ಹಳೆಯ ಲೆಕ್ಕಕ್ಕೆ ಇಂಥವರಲ್ಲಿ ಇನ್ನಷ್ಟು ಕಾಲ ಸೇರಿಸುವುದು ಜಾಣತನ. ಸವಣೂರಿನ ವೀಳ್ಯದೆಲೆಯ ಮೇಲೆ ನನಗೂ ಪ್ರೀತಿಯುಂಟು. ಅದರೊಳಗಿನ ತಂಬಾಕು ಮತ್ತು ಅಡಿಕೆಯನ್ನು ಮಾತ್ರ ಬಿಡಲೇಬೇಕು.

ಹೆಚ್ಚು ಎಚ್ಚರ ಬೇಕಾದದ್ದು ಔಷಧದ ವಿಷಯದಲ್ಲಿ. ವಾರಕ್ಕೊಮ್ಮೆ ಬರಿಹೊಟ್ಟೆಯಲ್ಲಿ ನುಂಗುವ ಅಲೆಂಡ್ರೊನೇಟ್ ಗುಳಿಗೆ, ವರ್ಷಕ್ಕೊಮ್ಮೆ ನರಕ್ಕೆ ಕೊಡುವ ಜೊಲೆಡ್ರೊನೇಟ್, ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮಾಬ್, ಇವೆಲ್ಲ ಕರಗಿಸುವ ಕೋಶಗಳನ್ನು ಕಟ್ಟಿಹಾಕುತ್ತವೆ. ಬೆನ್ನು, ಸೊಂಟ ಉಳಿಯುತ್ತವೆ. ಆದರೆ ಹಲ್ಲು ಕಿತ್ತಲ್ಲಿ, ಕೊರೆದಲ್ಲಿ ಸತ್ತ ಎಲುಬು ತೆರವಾಗದೆ, ಗಾಯ ಮಾಯದೆ, ದವಡೆ ಕೊಳೆಯುವುದುಂಟು. 2003ರಿಂದೀಚೆಗೆ ಇದು ವೈದ್ಯರ ಗಮನಕ್ಕೆ ಬಂದಿದೆ. ಕ್ಯಾನ್ಸರಿಗೆ ದೊಡ್ಡ ಪ್ರಮಾಣದಲ್ಲಿ ಪಡೆದವರಿಗೆ ಈ ಭಯ ಹೆಚ್ಚು, ಗುಳಿಗೆ ನುಂಗುವವರಿಗೆ ಬಹಳ ಕಡಿಮೆ. ಹಾಗೆಂದು ಹಲ್ಲಿನ ವೈದ್ಯರಿಂದ ಮುಚ್ಚಿಡಬಾರದು. ಹೆದರಿ ತಾವಾಗಿಯೇ ನಿಲ್ಲಿಸಲೂಬಾರದು. ಡೆನೊಸುಮಾಬ್ ಹಠಾತ್ತನೆ ನಿಂತರೆ ಬೆನ್ನುಮೂಳೆಗಳು ಕುಸಿಯಬಹುದು. ಚೀಟಿಯನ್ನು ಜೊತೆಗೆ ತನ್ನಿರಿ. ಇಬ್ಬರು ವೈದ್ಯರೂ ಮಾತಾಡಿಕೊಳ್ಳಲಿ.

ಊಟದ ಮಾತು ಒಂದಿಷ್ಟು. ನೂರು ಗ್ರಾಂ ಜೋಳದಲ್ಲಿ ಸುಣ್ಣದಂಶ ಮೂವತ್ತು ಮಿಲಿಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ಸುಮಾರು 350, ಎಳ್ಳಿನಲ್ಲಿ ಸಾವಿರಕ್ಕೂ ಮೇಲೆ. ನಮ್ಮ ಹಿರಿಯರು ರೊಟ್ಟಿಯ ಪಕ್ಕಕ್ಕೆ ಎಳ್ಳು, ಗುರೆಳ್ಳು ಚಟ್ನಿ, ಮೊಸರು ಇಟ್ಟದ್ದು ಬರಿಯ ರುಚಿಗಾಗಿ ಎನ್ನಲಾರೆ. ಹಲ್ಲು ಹೋದವರು ರೊಟ್ಟಿ ಬಿಟ್ಟು ಗಂಜಿಗಿಳಿಯುತ್ತಾರೆ. ಅದರೊಡನೆ ಚಟ್ನಿಯೂ ಹೋಗುತ್ತದೆ, ಎಲುಬು ಮತ್ತಷ್ಟು ಸೊರಗುತ್ತದೆ. ಹುರಿದ ಎಳ್ಳನ್ನು ನುಣ್ಣಗೆ ಪುಡಿ ಮಾಡಿ ಮೊಸರಿನಲ್ಲಿ ಕಲಸಿದರೆ ಹಲ್ಲಿಲ್ಲದ ಬಾಯಿಗೂ ಇಳಿಯುತ್ತದೆ.