ಕೊಪ್ಪಳ ಜಿಲ್ಲೆಯ ಕೈಮಗ್ಗ ನೇಕಾರಿಕೆಯ ಇಳಿಗಾಲ: ದಾಖಲೆಗೆ ಬಾರದ ಒಂದು ನಿರುದ್ಯೋಗ

ಕೈಗಾರಿಕೆಯೊಂದು ಅಳಿಯುವಾಗ ಅದನ್ನು ನೆಚ್ಚಿದ ದುಡಿಮೆಗಾರರ ಬದುಕು ಏನಾಗುತ್ತದೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಮುಚ್ಚಿದ ಗಿರಣಿ, ಆರಿದ ಕುಲುಮೆ, ಬೀಗ ಬಿದ್ದ ಹೆಬ್ಬಾಗಿಲುಗಳನ್ನು ಮುಂದಿಟ್ಟುಕೊಂಡು ಚರ್ಚಿಸಲಾಗುತ್ತದೆ. ಹೆಬ್ಬಾಗಿಲೇ ಇಲ್ಲದ ಕೈಗಾರಿಕೆ ಅಳಿದರೆ ಅದರ ಚರಿತ್ರೆಯನ್ನು ಎಲ್ಲಿಂದ ಆರಂಭಿಸಬೇಕು? ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯಲ್ಲಿ ಕೈಮಗ್ಗವು ಹಿಂದೆ ಸರಿದ ಬಗೆಯು ಈ ಪ್ರಶ್ನೆಯನ್ನು ಎತ್ತುತ್ತದೆ. ಇಲ್ಲಿ ಯಾವುದೇ ಒಂದು ದಿನ ಉದ್ಯಮ ಮುಚ್ಚಲಿಲ್ಲ. ಆದ್ದರಿಂದ ಕೆಲಸ ಕಳೆದುಕೊಂಡವರ ಪಟ್ಟಿಯೂ ಸಿದ್ಧವಾಗಲಿಲ್ಲ. ಈ ಇಳಿಗಾಲದ ಸ್ವರೂಪವನ್ನೂ ಅದು ದಾಖಲೆಯಿಂದ ತಪ್ಪಿಸಿಕೊಂಡ ಕಾರಣವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆ ಮತ್ತು ಮಗ್ಗ

1948ರ ಸೆಪ್ಟೆಂಬರ್ 17ರವರೆಗೆ ಈ ಪ್ರದೇಶವು ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು; ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. 1956ರಲ್ಲಿ ರಾಯಚೂರು ಜಿಲ್ಲೆಯ ಭಾಗವಾಗಿ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ ಈ ನಾಲ್ಕು ತಾಲ್ಲೂಕುಗಳು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿಯನ್ನು ಭತ್ತದ ನಾಡಾಗಿಸಿತು. ಕುಷ್ಟಗಿ ಮತ್ತು ಯಲಬುರ್ಗಾಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬೆದ್ದಲು ಭೂಮಿಯಾಗಿ ಉಳಿದವು.

ಕೊಪ್ಪಳ ನಗರಕ್ಕೆ ಹೊಂದಿಕೊಂಡ ಭಾಗ್ಯನಗರ ನೇಕಾರರ ಊರು. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರ ಮೊದಲಾದ ಊರುಗಳು ನೆರೆಯ ಇಳಕಲ್ಲಿನ ಸೀರೆ ನೇಯ್ಗೆಯ ವಲಯದೊಳಗೇ ಬರುತ್ತವೆ. ಇಳಕಲ್ ಸೀರೆ ಹೆಸರಿನಲ್ಲಿ ಒಂದು ಪಟ್ಟಣದ್ದಾದರೂ ದುಡಿಮೆಯಲ್ಲಿ ಹಲವು ಹಳ್ಳಿಗಳದ್ದೆಂಬುದು ಗಮನಾರ್ಹ. ಇದನ್ನು ಉಡುತ್ತಿದ್ದವರು ಬಹುಪಾಲು ಇದೇ ಸೀಮೆಯ ಒಕ್ಕಲು ಮನೆತನಗಳ ಹೆಂಗಸರು. ಹೀಗಾಗಿ ಜೋಳದ ಬೆಳೆಗೂ ಮಗ್ಗದ ಕೆಲಸಕ್ಕೂ ನೇರ ಸಂಬಂಧವಿತ್ತು. ಮಳೆ ಕೈಕೊಟ್ಟ ವರ್ಷ ಮದುವೆಗಳು ಮುಂದಕ್ಕೆ ಹೋಗುತ್ತಿದ್ದವು; ಮದುವೆಗಳು ಮುಂದಕ್ಕೆ ಹೋದರೆ ಸೀರೆ ಮಾರಾಟವಾಗದೆ ಉಳಿಯುತ್ತಿತ್ತು.

ದುಡಿಮೆಯ ಸ್ವರೂಪ

ಈ ನೇಯ್ಗೆಯ ತಾಂತ್ರಿಕ ವಿಶೇಷವು ಅದರ ಆರ್ಥಿಕತೆಯನ್ನೂ ತಿಳಿಸುತ್ತದೆ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಕೆಂಪು ಮತ್ತು ಬಿಳಿಯ ಟೋಪ ತೆನಿ ಸೆರಗು ಮೂಡುವುದು ಈ ಕ್ರಮದಿಂದಲೇ. ಆದ್ದರಿಂದ ಪ್ರತಿಯೊಂದು ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧಪಡಿಸಬೇಕಾಗುತ್ತದೆ. ನೂಲು ಬಿಚ್ಚುವುದು, ಗಂಜಿ ಹಚ್ಚುವುದು, ಕಂಡಿಕೆ ಸುತ್ತುವುದು, ಕೊಂಡಿ ಕೂಡಿಸುವುದು ಬಹುಮಟ್ಟಿಗೆ ಹೆಂಗಸರ, ಮುದುಕರ ಮತ್ತು ಮಕ್ಕಳ ಪಾಲಿಗೆ ಬಂದವು. ಕುಣಿಮಗ್ಗದಲ್ಲಿ ಕುಳಿತು ಲಾಳಿ ಎಸೆಯುವವನಿಗೆ ಸೀರೆಯ ಲೆಕ್ಕದಲ್ಲಿ ದೊರೆಯುವ ಮಜೂರಿಯೊಳಗೇ ಈ ಎಲ್ಲರ ದುಡಿಮೆಯೂ ಅಡಗಿರುತ್ತಿತ್ತು. ಒಂದು ಮಗ್ಗವೆಂದರೆ ಒಬ್ಬ ನೇಕಾರನಲ್ಲ, ಒಂದು ಮನೆ.

ಕೈಮಗ್ಗ ಮತ್ತು ಗಿರಣಿಗಳ ಸ್ಥಿತಿಯನ್ನರಿಯಲು 1941ರಲ್ಲಿ ನೇಮಕವಾದ ಸತ್ಯಶೋಧನಾ ಸಮಿತಿಯು ಸ್ವತಂತ್ರ ನೇಕಾರರನ್ನೂ ಸಾವಕಾರರ ಅಧೀನದಲ್ಲಿ ದುಡಿಯುವವರನ್ನೂ ಬೇರ್ಪಡಿಸಿ ನೋಡಿತ್ತು. ಈ ಭೇದವು ಇಲ್ಲಿಯ ಬಡತನವನ್ನು ತಿಳಿಯಲು ಮುಖ್ಯವಾದುದು. ಸಾವಕಾರನು ನೂಲು, ರೇಷ್ಮೆ ಮತ್ತು ಮುಂಗಡ ಹಣ ಕೊಡುತ್ತಾನೆ. ನೇಯ್ದ ಸೀರೆಯನ್ನು ಅವನೇ ಒಯ್ಯುತ್ತಾನೆ. ಮನೆ ನೇಕಾರನದು, ಹಲವೆಡೆ ಮಗ್ಗವೂ ನೇಕಾರನದೇ; ಮಾರುಕಟ್ಟೆ ಮಾತ್ರ ಅವನದಲ್ಲ. ಮುಂಗಡ ತೀರುವವರೆಗೆ ಅವನು ಬೇರೆಯವರಿಗೆ ನೇಯುವಂತಿಲ್ಲ. ದುಡಿಮೆಯಲ್ಲಿ ಅವನು ಕೂಲಿಕಾರ, ಕಾಗದದಲ್ಲಿ ಮಾತ್ರ ಸ್ವತಂತ್ರ ಕಸುಬುದಾರ.

ಇಳಿಗಾಲದ ಕಾರಣಗಳು

ವಿದ್ಯುತ್ ಮಗ್ಗದ ಪೈಪೋಟಿ ಮೊದಲ ಕಾರಣ. ಇಚಲಕರಂಜಿ, ಸೊಲ್ಲಾಪುರ, ಮಾಲೆಗಾಂವ್‌ಗಳಲ್ಲಷ್ಟೇ ಅಲ್ಲದೆ ಹತ್ತಿರದ ರಬಕವಿ-ಬನಹಟ್ಟಿಯಲ್ಲಿಯೂ ವಿದ್ಯುತ್ ಮಗ್ಗಗಳು ಬೇರೂರಿದವು. ಇಳಕಲ್ ಸೀರೆಯ ದಡಿ ಮತ್ತು ಬಣ್ಣಗಳನ್ನು ಅವು ಅನುಕರಿಸಿದವು. ಸೂರತ್ತಿನ ಕೃತಕ ನೂಲಿನ ಸೀರೆಗಳು ಇನ್ನೂ ಅಗ್ಗವಾಗಿ ಸಂತೆಗಳಿಗೆ ಬಂದವು. ಒಗೆಯಲು ಹಗುರ, ಬೇಗ ಒಣಗುವಂಥವು. ಹೊಲದಲ್ಲಿ ದುಡಿಯುವ ಬಡ ಹೆಣ್ಣುಮಗಳು ಅವನ್ನು ಆರಿಸಿಕೊಂಡದ್ದು ಸಹಜವೇ ಆಗಿತ್ತು. ಒಬ್ಬ ಬಡವಿಯ ಉಳಿತಾಯವು ಮತ್ತೊಬ್ಬ ಬಡವಿಯ ಮಜೂರಿಯ ನಷ್ಟವಾಯಿತು.

ಸರ್ಕಾರದ ನೀತಿಯು ಎರಡನೆಯದು. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. 1976ರಲ್ಲಿ ಆರಂಭವಾದ ಜನತಾ ಬಟ್ಟೆ ಯೋಜನೆ ಅನೇಕ ಮಗ್ಗಗಳಿಗೆ ಸರಳವಾದ, ಆದರೆ ನಿಯತವಾದ ಕೆಲಸ ನೀಡಿತು. 1990ರ ದಶಕದಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯ ಅಡಿಯಲ್ಲಿ 22 ಬಗೆಯ ವಸ್ತ್ರಗಳನ್ನು ಕೈಮಗ್ಗಕ್ಕೆ ಕಾಯ್ದಿರಿಸಲಾಯಿತು. ಇದನ್ನು ಪ್ರಶ್ನಿಸಿದ ಮೊಕದ್ದಮೆಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತಾದರೂ 1996ರಲ್ಲಿ ಪಟ್ಟಿಯನ್ನು 11ಕ್ಕೆ ಇಳಿಸಲಾಯಿತು. ಕಾಯ್ದೆಯು ಬಟ್ಟೆಯ ಬಗೆಯನ್ನು ಕಾಯ್ದಿರಿಸಿತೇ ಹೊರತು ನೇಯುವವರ ಮಜೂರಿಯನ್ನಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿಕೊಂಡಿತ್ತೆಂಬುದನ್ನು ಇಲ್ಲಿ ಹೋಲಿಸಿ ನೋಡಬಹುದು.

ಬೇಡಿಕೆ ಕುಸಿದಾಗ ಕಾರ್ಖಾನೆಯ ಮಾಲೀಕನು ಆಳುಗಳನ್ನು ಕಡಿಮೆ ಮಾಡುತ್ತಾನೆ. ಸಾವಕಾರನಿಗೆ ಅದರ ಅಗತ್ಯವಿಲ್ಲ. ನೂಲು ಕೊಡುವುದನ್ನು ತಡಮಾಡಿದರೆ ಸಾಕು. ನೂಲಿಗಾಗಿ ಕಾಯುವ ದಿನಗಳಿಗೆ ಮಜೂರಿಯಿಲ್ಲ. ಬೆಲೆಯೇರಿಕೆಯ ಜೊತೆಗೆ ಹೆಚ್ಚದ ಮಜೂರಿಯನ್ನು ಸರಿದೂಗಿಸಲು ಮನೆಯವರೆಲ್ಲ ಹೆಚ್ಚು ಹೊತ್ತು ದುಡಿಯಬೇಕಾಯಿತು. ಅನಂತರ ಮುಂಗಡ ಬೆಳೆಯಿತು, ಹಿರಿಯ ಮಗ ಮಗ್ಗ ಬಿಟ್ಟ, ಒಂದು ಕುಣಿ ಮುಚ್ಚಿತು. ಈ ಹಂತಗಳಲ್ಲಿ ಯಾವುದನ್ನು ನಿರುದ್ಯೋಗದ ಆರಂಭವೆನ್ನಬೇಕೆಂದು ಹೇಳುವುದು ಕಷ್ಟ.

ಮುಚ್ಚುವ ದಿನವಿದ್ದ ಕಾರ್ಖಾನೆಗಳು

ಇದರ ಎದುರಿಗೆ ಎರಡು ಉದಾಹರಣೆಗಳನ್ನು ಇಡಬಹುದು. ಅಮೆರಿಕದ ಒಹಾಯೊ ರಾಜ್ಯದ ಯಂಗ್ಸ್‌ಟೌನ್ ನಗರದಲ್ಲಿ 1977ರ ಸೆಪ್ಟೆಂಬರ್ 19ರಂದು ಉಕ್ಕಿನ ಕಂಪನಿಯೊಂದು ತನ್ನ ಕ್ಯಾಂಪ್‌ಬೆಲ್ ಕಾರ್ಖಾನೆಯನ್ನು ಮುಚ್ಚುವುದಾಗಿ ಪ್ರಕಟಿಸಿತು. ಸುಮಾರು 5,000 ಜನರ ಕೆಲಸ ಹೋಯಿತು. ಆ ದಿನ ‘ಕರಾಳ ಸೋಮವಾರ’ವೆಂದು ಹೆಸರಾಯಿತು. 1979ರಲ್ಲಿ ಸುಮಾರು 1.95 ಕೋಟಿಯಿದ್ದ ಅಮೆರಿಕದ ತಯಾರಿಕಾ ಉದ್ಯೋಗಗಳು 2010ರ ಆರಂಭಕ್ಕೆ ಸುಮಾರು 1.15 ಕೋಟಿಗೆ ಇಳಿದವು. ಆ ಬಡತನವೂ ಘೋರವಾದುದೇ. ಆದರೂ ಅಲ್ಲಿ ಹೊಣೆ ಹೊರಬೇಕಾದ ಮಾಲೀಕನಿದ್ದ, ಸಂಘವಿತ್ತು, ನಿರುದ್ಯೋಗ ವಿಮೆಯಿತ್ತು, ನೆನೆಯಲು ಒಂದು ತಾರೀಖಿತ್ತು.

ಎರಡನೆಯದು ತುಂಗಭದ್ರೆಯ ಆಚೆ ದಡದ್ದು. ಜಲಾಶಯಗಳ ಗೇಟುಗಳನ್ನು ತಯಾರಿಸುತ್ತಿದ್ದ ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2015ರ ಡಿಸೆಂಬರಿನಲ್ಲಿ ಒಪ್ಪಿಗೆ ನೀಡಿತು. ಉಳಿದಿದ್ದ ನೌಕರರಿಗೆ ಸ್ವಯಂನಿವೃತ್ತಿ ಯೋಜನೆಯಿತ್ತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯೂ ಮುಚ್ಚಿದ ಉದ್ಯಮದ ಕಾರ್ಮಿಕರಿಗೆ ಪ್ರತಿ ಸೇವಾವರ್ಷಕ್ಕೆ 15 ದಿನಗಳ ಸರಾಸರಿ ವೇತನದ ಪರಿಹಾರವನ್ನು ವಿಧಿಸಿತ್ತು. ಮನೆಯ ಮಗ್ಗಕ್ಕೆ ಸೇವಾವರ್ಷವೆಂಬುದಿಲ್ಲ. ಮೂವತ್ತು ವರ್ಷ ಒಬ್ಬನೇ ಸಾವಕಾರನಿಗೆ ನೇಯ್ದವನೂ ಕೊನೆಗೆ ಪಡೆಯುವುದು ಪರಿಹಾರವನ್ನಲ್ಲ, ಮುಂಗಡದ ಬಾಕಿಯನ್ನು.

ಮಗ್ಗದ ನಂತರ

ಮಗ್ಗ ಬಿಟ್ಟವರಿಗೆ ಇದ್ದ ದಾರಿಗಳು ಕೆಲವೇ. ಮಳೆಯಾಶ್ರಿತ ತಾಲ್ಲೂಕುಗಳಿಂದ ಬೆಂಗಳೂರು, ಮಂಗಳೂರು, ಗೋವೆಗಳ ಕಡೆಗೆ ಗುಳೆ ಹೋಗುವುದು ಒಂದು. ಗಂಗಾವತಿಯ ಗದ್ದೆ ಮತ್ತು ಅಕ್ಕಿ ಗಿರಣಿಗಳಲ್ಲಿ ಹಂಗಾಮಿನ ಕೂಲಿ ಇನ್ನೊಂದು. 1990ರ ದಶಕದಿಂದ ಗಿಣಿಗೇರಾ, ಬೇವಿನಹಳ್ಳಿಗಳ ಸುತ್ತ ಕಬ್ಬಿಣದ ಕಾರ್ಖಾನೆಗಳು ಬಂದವು. ಆದರೆ ನೇಕಾರನ ಕೈಕೌಶಲಕ್ಕೆ ಅಲ್ಲಿ ಬೆಲೆಯಿರಲಿಲ್ಲ.

ಭಾಗ್ಯನಗರದ ಅನುಭವ ಇವೆಲ್ಲಕ್ಕಿಂತ ಬೋಧಪ್ರದವಾಗಿದೆ. ಈ ಊರು ಈಗ ಕೂದಲು ಸಂಸ್ಕರಣೆಗೆ ಪ್ರಸಿದ್ಧ. ಗಂಟುಗಟ್ಟಿದ ಕೂದಲನ್ನು ಬಿಡಿಸಿ, ಬಾಚಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುವ ಕೆಲಸದಲ್ಲಿ ತೊಡಗಿರುವವರು ಬಹುಪಾಲು ಹೆಂಗಸರು. ಸಂಸ್ಕರಿಸಿದ ಕೂದಲು ವಿದೇಶಗಳಿಗೆ ಹೋಗುತ್ತದೆ. ಕಚ್ಚಾ ಸಾಮಗ್ರಿ ವ್ಯಾಪಾರಿಯದು, ದುಡಿಮೆ ಮನೆಯದು, ಕೂಲಿ ಮಾಡಿದಷ್ಟಕ್ಕೆ. ನೂಲಿನ ಎಳೆಯ ಜಾಗಕ್ಕೆ ಕೂದಲೆಳೆ ಬಂದಿತು. ದುಡಿಮೆಯ ಸಂಬಂಧ ಮಾತ್ರ ಹಳೆಯದೇ ಉಳಿಯಿತು.

ಸಮಾರೋಪ

ರಾಷ್ಟ್ರೀಯ ಕೈಮಗ್ಗ ಗಣತಿಗಳ ಪ್ರಕಾರ ದೇಶದ ಕೈಮಗ್ಗ ದುಡಿಮೆಗಾರರ ಸಂಖ್ಯೆ 1987-88ರಲ್ಲಿ 67.39 ಲಕ್ಷ, 1995-96ರಲ್ಲಿ 65.5 ಲಕ್ಷ, 2009-10ರಲ್ಲಿ 43.31 ಲಕ್ಷ, 2019-20ರಲ್ಲಿ 35.22 ಲಕ್ಷ. ಕೊನೆಯ ಗಣತಿಯಲ್ಲಿ ನೇಕಾರ ಕುಟುಂಬಗಳ ಸುಮಾರು ಮೂರನೆಯ ಎರಡು ಭಾಗ ತಿಂಗಳಿಗೆ 5,000 ರೂಪಾಯಿಗಿಂತ ಕಡಿಮೆ ಆದಾಯದವು. ಈ ಅಂಕಿಗಳು ಕೈಮಗ್ಗದ ವೃತ್ತಿಯಲ್ಲಿ ಉಳಿದವರನ್ನು ಎಣಿಸುತ್ತವೆ. ಮಗ್ಗ ಬಿಟ್ಟೆದ್ದವರು ಎಲ್ಲಿ ಹೋದರೆಂದು ಹೇಳುವುದಿಲ್ಲ. ಕರ್ನಾಟಕ ಸರ್ಕಾರವು 2020ರಲ್ಲಿ ಪ್ರಕಟಿಸಿದ ನೇಕಾರ ಸಮ್ಮಾನ್ ಯೋಜನೆಯ ವಾರ್ಷಿಕ ನೆರವೂ ವೃತ್ತಿಯಲ್ಲಿರುವವರನ್ನು ಉದ್ದೇಶಿಸಿದ್ದೇ ಆಗಿದೆ.

ಆದ್ದರಿಂದ ಕೊಪ್ಪಳ ಸೀಮೆಯ ಕಾರ್ಮಿಕ ಚರಿತ್ರೆಯನ್ನು ಬರೆಯುವವರು ಕಾರ್ಖಾನೆಯ ಕಡತಗಳಾಚೆಗೆ ಹೋಗಬೇಕಾಗುತ್ತದೆ. ನೇಕಾರ ಸಹಕಾರ ಸಂಘಗಳ ಸದಸ್ಯತ್ವ ಪುಸ್ತಕಗಳು, ಸಾವಕಾರರ ಮುಂಗಡದ ಖಾತೆಗಳು, ನೇಕಾರ ಓಣಿಗಳ ಶಾಲಾ ದಾಖಲಾತಿಗಳು, ಕಂಡಿಕೆ ಸುತ್ತಿದ ಹಿರಿಯ ಹೆಂಗಸರ ಹೇಳಿಕೆಗಳು ಇಲ್ಲಿ ಮೂಲ ಆಕರಗಳು. ಆ ಹೆಂಗಸರು ಎಂದೂ ಮಜೂರಿಯ ಲೆಕ್ಕದಲ್ಲಿ ಇರಲಿಲ್ಲವಾದ್ದರಿಂದ ಅವರ ಕೆಲಸ ಹೋದದ್ದೂ ಲೆಕ್ಕಕ್ಕೆ ಬರಲಿಲ್ಲ. ಅವರನ್ನು ಕಾರ್ಮಿಕರೆಂದು ಒಪ್ಪಿಕೊಳ್ಳುವುದು ಚರಿತ್ರೆಯ ಅಗತ್ಯವಷ್ಟೇ ಅಲ್ಲ. ಇಂದು ಅವರ ಮೊಮ್ಮಕ್ಕಳು ಮನೆಯಲ್ಲಿ ಕುಳಿತು ಮಾಡುವ ಕೂಲಿಗೆ ನ್ಯಾಯವಾದ ದರವನ್ನು ಕೇಳಲು ಅದೇ ಮೊದಲ ಆಧಾರ.