ಜೋಳ ತೆಗೆದರೂ ಕುಗ್ಗದ ಹಗೇವು

ಅಳಿಸಿದ್ದೆಲ್ಲ ಅಲ್ಲೇ ಕೂತಿತ್ತು! ಲ್ಯಾಪ್‌ಟಾಪಿನ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ 10 ಲಕ್ಷ ಸಾಲಿನ ಒಂದು ಟೇಬಲ್ ಕಟ್ಟಿದ್ದೆ. ಎಂಬತ್ತಕ್ಕೊಂದು ಸಾಲು ಉಳಿಸಿ ಮಿಕ್ಕಿದ್ದನ್ನೆಲ್ಲ ಡಿಲೀಟ್ ಮಾಡಿದೆ. ಫೈಲು ನೋಡಿದರೆ ಮೊದಲಿನಷ್ಟೇ ದಪ್ಪ, ಸುಮಾರು 100 ಎಂಬಿ. ಒಂದು ಬೈಟೂ ಇಳಿದಿರಲಿಲ್ಲ!

ತಟ್ಟನೆ ನೆನಪಾದದ್ದು ನಮ್ಮ ಕಡೆಯ ಹಗೇವು. ನೆಲದಡಿ ಗುಂಡಿ, ಒಳಗೆ ಬಿಳಿಜೋಳ. ಚೀಲಗಟ್ಟಲೆ ತೆಗೆದರೂ ಗುಂಡಿ ಕಿರಿದಾಗುತ್ತದೆಯೇ? ಡೇಟಾಬೇಸೂ ಹಾಗೇ. ಅಳಿಸು ಎಂದರೆ ಸಾಲಿಗೆ ‘ಇನ್ನಿಲ್ಲ’ ಎಂದು ಗುರುತು ಹಾಕುತ್ತದೆ, ಅಷ್ಟೇ. ಅದೇ ಗಳಿಗೆಯಲ್ಲಿ ಇನ್ಯಾರೋ ಆ ಸಾಲು ಓದುತ್ತಿದ್ದರೆ ಅವರ ಓದು ಕೆಡಬಾರದಲ್ಲ!

ಇದನ್ನೇ ವಿಜಯಪುರ ಜಿಲ್ಲೆಯ ಅಳತೆಗೆ ಹಿಗ್ಗಿಸಿ ನೋಡಿ. ಇಂಡಿ ತಾಲ್ಲೂಕು ಒಡೆದು ಚಡಚಣ ತಾಲ್ಲೂಕಾಯಿತು. ಸಿಂದಗಿ ಒಡೆದು ದೇವರಹಿಪ್ಪರಗಿ, ಆಲಮೇಲ. ಮುದ್ದೇಬಿಹಾಳ ಒಡೆದು ತಾಳಿಕೋಟೆ. ಬಸವನ ಬಾಗೇವಾಡಿ ಒಡೆದು ನಿಡಗುಂದಿ, ಕೊಲ್ಹಾರ. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಹೊಲದ ಉತಾರಗಳನ್ನು (ಪಹಣಿ) ಕಂಪ್ಯೂಟರಿಗೆ ಏರಿಸಿದ ರಾಜ್ಯ ನಮ್ಮದು. ಈ ನಾಲ್ಕೂ ಹಳೆ ತಾಲ್ಲೂಕಿನ ಉತಾರಗಳ ಸಾಲುಗಳು ಒಂದೇ ಟೇಬಲಿನಲ್ಲಿದ್ದವು, ಹೊಸ ಆರರ ಪಾಲನ್ನು ಬೇರೆ ಕಡೆ ನಕಲು ಮಾಡಿ ಇಲ್ಲಿ ಅಳಿಸಿದರು ಅಂದುಕೊಳ್ಳಿ. ಚಡಚಣದ ಹೊಲಗಳು ಹೋದವು. ಅವುಗಳ ಜಾಗ ಮಾತ್ರ ಇಂಡಿಯ ಹೊಲಗಳ ನಡುನಡುವೆ ಖಾಲಿ ಬಿದ್ದೇ ಇದೆ!

ಹುಡುಕಾಟ ನಿಧಾನವಾಗುವ ಗುಟ್ಟೂ ಇಲ್ಲೇ. ಪೋಸ್ಟ್‌ಗ್ರೆಸ್‌ನ ಒಂದು ಪುಟ 8 ಕೆಬಿ. ನನ್ನ ಟೇಬಲಿನಲ್ಲಿ ಪುಟಕ್ಕೆ 80 ಸಾಲು, ಒಟ್ಟು 12,500 ಪುಟ. ಅಳಿಸಿದ ಮೇಲೆ ಉಳಿದದ್ದು ಪುಟಕ್ಕೊಂದೇ ಸಾಲು. ಎಲ್ಲ ಓದಬೇಕೆಂದರೆ 12,500 ಪುಟವನ್ನೂ ತಿರುವಬೇಕು! ಒತ್ತಾಗಿ ಜೋಡಿಸಿದರೆ? ಬರೀ 157!

ಮದ್ದು ಎರಡು ಬಗೆ. ವ್ಯಾಕ್ಯೂಮ್ ಎಂದರೆ ಹಗೇವು ಗುಡಿಸಿ ಹೊಸ ಜೋಳಕ್ಕೆ ಅಣಿ ಮಾಡಿದಂತೆ; ಗುಂಡಿ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ವ್ಯಾಕ್ಯೂಮ್ ಫುಲ್ ಎಂದರೆ ಪಕ್ಕದಲ್ಲೇ ಚಿಕ್ಕ ಹಗೇವು ತೋಡಿ, ಇದ್ದ ಕಾಳು ಅದಕ್ಕೆ ಸುರಿದು, ಹಳೆಯದನ್ನು ಮುಚ್ಚಿದಂತೆ. ತೋಡಲು ಜಾಗ ಬೇಕು. ಮುಗಿಯುವ ತನಕ ಟೇಬಲಿಗೆ ಬೀಗ, ಓದುವವರೂ ಹೊರಗೇ ಕಾಯಬೇಕು. ಮೈಎಸ್‌ಕ್ಯುಎಲ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಟೇಬಲನ್ನು ಹೊಸದಾಗಿ ಕಟ್ಟುವ ಈ ಕೆಲಸಕ್ಕೆ ‘ಆಪ್ಟಿಮೈಜ್ ಟೇಬಲ್’ ಇದೆ.

ವ್ಯಾಕ್ಯೂಮ್ ಫುಲ್ ಕೊಟ್ಟೇಬಿಟ್ಟೆ. 100 ಎಂಬಿ ಇದ್ದದ್ದು ಒಂದೂಕಾಲು ಎಂಬಿ ಆಸುಪಾಸಿಗೆ ಬಂದು ನಿಂತಿತು!

ಕುಣಿಯುವಷ್ಟು ಖುಷಿಯಾಯಿತು, ನಿಜ. ಆದರೆ ಮುಂದಿನ ವರ್ಷದ ರಾಶಿಗೆ ಅಷ್ಟೇ ಜೋಳ ಬರುವುದಿದ್ದರೆ, ದೊಡ್ಡ ಹಗೇವನ್ನು ಯಾರಾದರೂ ಮುಚ್ಚುತ್ತಾರೆಯೇ?