ಉಬ್ಬುವುದು ನರವಲ್ಲ

ಕಾಲಿನ ಚರ್ಮದಡಿ ನೀಲಿಯಾಗಿ, ಸುರುಳಿ ಸುರುಳಿಯಾಗಿ ಏಳುವ ಗಂಟುಗಳನ್ನು ಆಡುಮಾತಿನಲ್ಲಿ ‘ನರ ಉಬ್ಬಿದೆ’ ಎನ್ನುತ್ತಾರೆ. ಉಬ್ಬುವುದು ನರವಲ್ಲ, ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿ. ಹೆಸರಿನ ಈ ಗೊಂದಲದಿಂದ ನರದೌರ್ಬಲ್ಯದ ಮಾತ್ರೆ ನುಂಗುತ್ತ ವರ್ಷ ಕಳೆಯುವವರೂ ಉಂಟು. ವೈದ್ಯರು ಇದನ್ನು ವೆರಿಕೋಸ್ ವೇನ್ಸ್ ಎನ್ನುತ್ತಾರೆ.

ಪಾದದ ರಕ್ತ ಮೇಲೇರುವುದು ಮೀನಖಂಡದ ಬಲದಿಂದ. ಪ್ರತಿ ಹೆಜ್ಜೆಗೂ ಆ ಸ್ನಾಯು ಒಳಗಿನ ನಾಳಗಳನ್ನು ಹಿಂಡುತ್ತದೆ. ಏರಿದ ರಕ್ತ ಮತ್ತೆ ಜಾರದಂತೆ ನಾಳದೊಳಗಿನ ಕವಾಟಗಳು ತಡೆಯುತ್ತವೆ. ಅಲುಗಾಡದೆ ನಿಂತಾಗ ಪಾದದ ಗಿಣ್ಣಿನ ಬಳಿ ಅಭಿಧಮನಿಯ ಒತ್ತಡ ಪಾದರಸದ ಸುಮಾರು 80–90 ಮಿಲಿಮೀಟರ್. ನಡೆಯತೊಡಗಿದರೆ 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಸೋರುವವರಲ್ಲಿ ನಡೆದರೂ ಅದು ಅಷ್ಟು ಇಳಿಯದು. ನಾಳ ಹಿಗ್ಗುತ್ತದೆ, ಹಿಗ್ಗಿದಷ್ಟೂ ಕವಾಟದ ರೆಕ್ಕೆಗಳು ದೂರ ಸರಿದು ಸೋರಿಕೆ ಇನ್ನಷ್ಟು ಹೆಚ್ಚುತ್ತದೆ.

ಕವಾಟ ಕೆಡುವುದರಲ್ಲಿ ವಂಶದ ಪಾಲು ದೊಡ್ಡದು. ವಯಸ್ಸು, ಬೊಜ್ಜು, ಹಿಂದೊಮ್ಮೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕೂಡ ಕಾರಣವಾಗುತ್ತವೆ. ಬಸುರಿನಲ್ಲಿ ಹಾರ್ಮೋನು ನಾಳದ ಗೋಡೆಯನ್ನು ಸಡಿಲಿಸುತ್ತದೆ, ಬೆಳೆಯುವ ಗರ್ಭಕೋಶ ಮೇಲಿನಿಂದ ಒತ್ತುತ್ತದೆ. ಟ್ರಾಫಿಕ್ ಪೊಲೀಸರು, ಹೋಟೆಲ್ ಸಪ್ಲೈಯರುಗಳು, ಮೇಷ್ಟ್ರುಗಳು ನಿಂತೇ ದುಡಿಯುವವರಾದ್ದರಿಂದ ಅವರ ಕಷ್ಟ ಹೆಚ್ಚು.

ಸಂಜೆಯಾದಂತೆ ಕಾಲು ಭಾರ, ಬಾವು, ತುರಿಕೆ. ವರ್ಷಗಳು ಕಳೆದರೆ ನಾಳದಿಂದ ಜಿನುಗಿದ ರಕ್ತಕಣಗಳ ಕಬ್ಬಿಣಾಂಶ ಚರ್ಮದಲ್ಲಿ ಕೂತು ಗಿಣ್ಣಿನ ಸುತ್ತ ಕಪ್ಪಾಗುತ್ತದೆ. ಕೊನೆಗೆ ಅಲ್ಲೇ ಹುಣ್ಣು. ಎಷ್ಟು ಮುಲಾಮು ಹಚ್ಚಿದರೂ ಒಣಗದ ಹುಣ್ಣು, ಏಕೆಂದರೆ ಸೋರಿಕೆಯ ಬಾಯಿ ಬಹಳ ಸಲ ಇರುವುದು ತೊಡೆಸಂದಿನಲ್ಲಿ. ಅಲ್ಲಿಂದ ಪಾದದವರೆಗೆ ಇಳಿದಿರುವ ಗ್ರೇಟ್ ಸಫೀನಸ್ ದೇಹದ ಅತಿ ಉದ್ದದ ಅಭಿಧಮನಿ. ರೋಗಿಯನ್ನು ನಿಲ್ಲಿಸಿ ಡಾಪ್ಲರ್ ಸ್ಕ್ಯಾನ್ ಮಾಡಿದಾಗ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆಯೆಂದೇ ಅರ್ಥ.

ಹಿಂದೆಲ್ಲ ತೊಡೆಸಂದಿನಲ್ಲಿ ಕೊಯ್ದು, ತಂತಿ ತೂರಿಸಿ ಇಡೀ ನಾಳವನ್ನು ಎಳೆದು ತೆಗೆಯುತ್ತಿದ್ದರು. 1907ರಲ್ಲಿ ಅಮೆರಿಕದ ಬಾಬ್‌ಕಾಕ್ ವಿವರಿಸಿದ ವಿಧಾನವದು. ಈಗ ನಾಳವನ್ನು ಕೀಳದೆ, ಇದ್ದಲ್ಲೇ ಸುಟ್ಟು ಮುಚ್ಚುತ್ತಾರೆ. ಮೊಣಕಾಲಿನ ಬಳಿ ಸೂಜಿ ಚುಚ್ಚಿ, ಸ್ಕ್ಯಾನ್ ನೋಡುತ್ತ ಸಪೂರ ನಳಿಗೆಯನ್ನು ತೊಡೆಸಂದಿನ ಹತ್ತಿರದವರೆಗೆ ಏರಿಸುತ್ತಾರೆ. ಸುತ್ತ ಅರಿವಳಿಕೆ ಬೆರೆತ ದ್ರವ ತುಂಬುತ್ತಾರೆ. ನೋವು ತಡೆಯುವ ಜೊತೆಗೆ ಅಕ್ಕಪಕ್ಕದ ಅಂಗಾಂಶಕ್ಕೆ ಬಿಸಿ ತಾಗದಂತೆಯೂ ಅದು ಕಾಯುತ್ತದೆ. ಲೇಸರ್ ಅಥವಾ ರೇಡಿಯೋ ತರಂಗದ ಕಾವಿಗೆ ನಾಳ ಕುಗ್ಗಿ ಅಂಟಿಕೊಳ್ಳುತ್ತದೆ. ರೇಡಿಯೋ ತರಂಗದಲ್ಲಿ 120 ಡಿಗ್ರಿ ಸೆಲ್ಸಿಯಸ್ ಕಾವು ಕೊಡುತ್ತ, 7 ಸೆಂಟಿಮೀಟರಿನ ಒಂದೊಂದು ತುಂಡಿಗೆ 20 ಸೆಕೆಂಡು ಹಿಡಿಯುವುದು ರೂಢಿ. ಸಾಮಾನ್ಯವಾಗಿ ರೋಗಿ ಅದೇ ದಿನ ನಡೆದು ಮನೆಗೆ ಹೋಗುತ್ತಾನೆ. ಅಂಕುಡೊಂಕಾದ ಸಣ್ಣ ನಾಳಗಳಿಗೆ ಔಷಧದ ನೊರೆಯ ಚುಚ್ಚುಮದ್ದು ಸಾಕು. ಬಿಸಿಯೇ ಇಲ್ಲದೆ ವೈದ್ಯಕೀಯ ಅಂಟಿನಿಂದ ಮುಚ್ಚುವ ಕ್ರಮವೂ ಬಂದಿದೆ.

ನಾಳ ಮುಚ್ಚಿದರೆ ರಕ್ತ ಹೋಗುವುದೆಲ್ಲಿಂದ ಎಂಬ ಅಂಜಿಕೆ ಸಹಜ. ಕಾಲಿನ ರಕ್ತದಲ್ಲಿ ನೂರಕ್ಕೆ ಸುಮಾರು 90 ಪಾಲು ಸಾಗುವುದು ಆಳದ ಅಭಿಧಮನಿಗಳಲ್ಲಿ; ಮುಚ್ಚಿದ್ದು ಹೇಗೂ ತಲೆಕೆಳಗಾಗಿ ಹರಿಯುತ್ತಿದ್ದ ದಾರಿ. ಆಳದ ನಾಳಗಳು ತೆರೆದಿವೆಯೇ ಎಂದು ಮೊದಲೇ ಸ್ಕ್ಯಾನಿನಲ್ಲಿ ನೋಡುವುದು ಅದಕ್ಕೇ. ಕೆಲವು ದಿನ ಕಂದುಗಟ್ಟುವುದು, ಅಲ್ಲಲ್ಲಿ ಜೋಮು ಸಾಮಾನ್ಯ. ಆಳದಲ್ಲಿ ಹೆಪ್ಪುಗಟ್ಟುವುದು ಅಪರೂಪ. ವರ್ಷಗಳ ನಂತರ ಬೇರೆ ನಾಳ ಉಬ್ಬುವುದೂ ಉಂಟು.

ಬಿಗಿ ಕಾಲುಚೀಲ ಬಾವನ್ನು ತಗ್ಗಿಸುತ್ತದೆ, ಕೆಟ್ಟ ಕವಾಟವನ್ನು ಸರಿಪಡಿಸದು. ಗಂಟು ಒಡೆದು ರಕ್ತ ಚಿಮ್ಮಿದರೆ ಮಲಗಿ, ಕಾಲನ್ನು ಎತ್ತರಕ್ಕಿಟ್ಟು, ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಗಾಬರಿಯಲ್ಲಿ ತೊಡೆಗೆ ಹಗ್ಗ ಬಿಗಿದರೆ ಮೇಲೇರುವ ದಾರಿ ಕಟ್ಟಿ ರಕ್ತ ಇನ್ನೂ ಜೋರಾಗಿ ಸುರಿಯುತ್ತದೆ.